ಗ್ಲುಟೆನ್ ಬಿಟ್ಟವರ ಕೈಯಲ್ಲಿ ಸೈಡರ್ ಗ್ಲಾಸು

ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇದೆಯೆಂದು ಗೊತ್ತಾದವರಿಗೆ ಇಂಗ್ಲೆಂಡಿನಲ್ಲಿ ಬೇಗನೆ ಸಿಗುವ ಪುಕ್ಕಟೆ ಸಲಹೆಗಳಲ್ಲಿ ‘ಬಿಯರ್ ಬಿಟ್ಟುಬಿಡಿ, ಸೈಡರ್ ಕುಡಿಯಿರಿ’ ಎನ್ನುವುದು ಒಂದು. ಸಹೋದ್ಯೋಗಿಗಳು, ಪಕ್ಕದ ಮನೆಯವರು, ಪಬ್ಬಿನಲ್ಲಿ ಪರಿಚಯವಾದವರು ಎಲ್ಲರೂ ಇದನ್ನೇ ಹೇಳುತ್ತಾರೆ. ಸಲಹೆಯೇನೋ ಸರಿಯಾದದ್ದೇ. ಇಲ್ಲಿನ ರೋಗಿಗಳ ಪರವಾಗಿ 1968ರಿಂದ ಕೆಲಸ ಮಾಡುತ್ತಿರುವ ಸೀಲಿಯಾಕ್ ಯುಕೆ ಸಂಸ್ಥೆಯೂ ಸೈಡರ್, ವೈನ್, ಶೆರಿ ಮತ್ತು ಭಟ್ಟಿ ಇಳಿಸಿದ ಮದ್ಯಗಳಲ್ಲಿ ಗ್ಲುಟೆನ್ ಇಲ್ಲವೆಂದೂ, ಬಿಯರ್ ಮತ್ತು ಅದರ ಬಗೆಗಳಾದ ಲಾಗರ್, ಏಲ್, ಸ್ಟೌಟ್‌ಗಳಲ್ಲಿ ಇದೆಯೆಂದೂ ತಿಳಿಸುತ್ತದೆ. ಆದರೆ ಸಲಹೆ ಕೊಡುವವರ ಮನಸ್ಸಿನಲ್ಲಿ ಸೈಡರ್ ಎಂದರೆ ಬಿಯರಿಗೆ ಒಂದು ಬದಲಿ ಪಾನೀಯ. ನನ್ನ ಮಟ್ಟಿಗೆ ತೊಡಕು ಶುರುವಾಗುವುದೇ ಅಲ್ಲಿಂದ. ಸೇಬು ಹಣ್ಣನ್ನು ಹಿಂಡಿ, ಆ ರಸವನ್ನು ಹುದುಗಿಸಿ ಮಾಡುವ ಸೈಡರ್ ಹುಟ್ಟಿನಿಂದ ವೈನಿನ ಬಳಗಕ್ಕೆ ಸೇರಿದ್ದು. ಅದನ್ನು ವೈನಿನಂತೆ ನೋಡಿಕೊಳ್ಳುವ ಕಡೆ ನಮಗೆ ಭಯವಿಲ್ಲ. ಬಿಯರಿನ ಪಕ್ಕದ ಟ್ಯಾಂಕಿನಲ್ಲಿ ತಯಾರಿಸಿ, ಬಿಯರಿನ ನಲ್ಲಿಯಲ್ಲಿ ಹರಿಸಿ, ಬಿಯರಿನೊಂದಿಗೆ ಬೆರೆಸಿ ಕೊಡುವ ಕಡೆ ಮಾತ್ರ ಕಣ್ಣು ತೆರೆದಿರಬೇಕು.

ನಾನು ಶಿವಮೊಗ್ಗದ ಕಡೆಯವಳು. ಕೆಲಸದ ನಿಮಿತ್ತ ಬ್ರಿಸ್ಟಲ್ ನಗರದಲ್ಲಿ ನೆಲೆಸಿದ್ದೇನೆ. ಗೋಧಿ, ಬಾರ್ಲಿ ಮತ್ತು ರೈ ಎಂಬ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಪ್ರೋಟೀನಿನ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿ ಬಿದ್ದು, ಸಣ್ಣ ಕರುಳಿನ ಒಳಗೋಡೆಯ ಬೆರಳಿನಾಕಾರದ ಎಳೆಗಳನ್ನು ಸವೆಸಿಬಿಡುವುದು ಈ ಕಾಯಿಲೆಯ ಸ್ವರೂಪ. ಬ್ರಿಟನ್ನಿನಲ್ಲಿ ನೂರಕ್ಕೆ ಒಬ್ಬರಿಗೆ ಇದು ಇರಬಹುದೆಂಬ ಅಂದಾಜಿದೆ. ನಮ್ಮ ದೇಶದಲ್ಲಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಉತ್ತರ ಭಾರತದ ವಯಸ್ಕರಲ್ಲಿ ಇದರ ಪ್ರಮಾಣ ಶೇ. 1.23 ಇದ್ದರೆ, ದಕ್ಷಿಣದಲ್ಲಿ ಶೇ. 0.10 ಮಾತ್ರ. ಆದ್ದರಿಂದ ಊರಿನಲ್ಲಿ ಈ ಹೆಸರನ್ನು ಕೇಳಿದವರೇ ಕಡಿಮೆ. ನನ್ನ ಅದೃಷ್ಟಕ್ಕೆ ಮನೆಯ ಅಡುಗೆಯಲ್ಲಿ ಅಕ್ಕಿ, ರಾಗಿ, ಜೋಳಗಳೇ ಮುಖ್ಯವಾದ್ದರಿಂದ ತಟ್ಟೆಯೇನೂ ಬರಿದಾಗಲಿಲ್ಲ. ಉಪ್ಪಿಟ್ಟು, ಚಪಾತಿ, ಚಿರೋಟಿಗಳು ಹೋದವು, ಕಡುಬು, ರೊಟ್ಟಿ, ಮುದ್ದೆಗಳು ಉಳಿದವು. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ ಎಂಬುದನ್ನು ಓದಿ ತಿಳಿದಾಗಲಂತೂ ತಿಳಿಸಾರಿನ ಒಗ್ಗರಣೆಯನ್ನೂ ಅನುಮಾನದಿಂದ ನೋಡುವ ಅಭ್ಯಾಸ ಬಂತು. ಆ ಅಭ್ಯಾಸವೇ ಸೈಡರಿನ ವಿಷಯದಲ್ಲೂ ಕೆಲಸಕ್ಕೆ ಬಂತೆನ್ನಬೇಕು, ಏಕೆಂದರೆ ಇಂಗಿನಲ್ಲಾದಂತೆ ಇಲ್ಲಿಯೂ ಮೂಲ ಪದಾರ್ಥದಲ್ಲಿ ದೋಷವಿಲ್ಲ, ಅದರ ಜೊತೆಗೆ ಬಂದು ಸೇರಿಕೊಳ್ಳುವುದರಲ್ಲಿದೆ.

ಬ್ರಿಸ್ಟಲ್‌ನಲ್ಲಿರುವವರಿಗೆ ಸೈಡರ್ ದೂರದ ಸಂಗತಿಯಲ್ಲ. ದಕ್ಷಿಣಕ್ಕೆ ಸಾಮರ್‌ಸೆಟ್, ಉತ್ತರಕ್ಕೆ ಗ್ಲೌಸ್ಟರ್‌ಶೈರ್, ಅದನ್ನೂ ದಾಟಿದರೆ ಹೆರಿಫರ್ಡ್‌ಶೈರ್. ಮೂರೂ ಸೇಬಿನ ಮದ್ಯಕ್ಕೆ ಹೆಸರಾದ ಸೀಮೆಗಳು. ದೇಶದ ಹಣ್ಣು ಮತ್ತು ಸೈಡರ್ ಸಂಶೋಧನಾ ಕೇಂದ್ರ 1903ರಲ್ಲಿ ಶುರುವಾದದ್ದೂ ಬ್ರಿಸ್ಟಲ್ ಹೊರವಲಯದ ಲಾಂಗ್ ಆಷ್ಟನ್‌ನಲ್ಲೇ. ನೂರು ವರ್ಷ ನಡೆದು 2003ರಲ್ಲಿ ಅದು ಮುಚ್ಚಿತು. ಸೈಡರ್ ಸೇಬುಗಳನ್ನು ಅವುಗಳ ಹುಳಿ ಮತ್ತು ಒಗರಿನ ಪ್ರಮಾಣ ನೋಡಿ ಸಿಹಿ, ಹುಳಿ, ಒಗರು-ಸಿಹಿ, ಒಗರು-ಹುಳಿ ಎಂದು ನಾಲ್ಕು ಪಂಗಡ ಮಾಡಿ ನಿಲ್ಲಿಸಿದ್ದು ಆ ಕೇಂದ್ರದ ಕೆಲಸ. ಡ್ಯಾಬಿನೆಟ್, ಯಾರ್ಲಿಂಗ್ಟನ್ ಮಿಲ್, ಕಿಂಗ್‌ಸ್ಟನ್ ಬ್ಲ್ಯಾಕ್, ಫಾಕ್ಸ್‌ವೆಲ್ಪ್ ಮುಂತಾದ ಈ ತಳಿಗಳನ್ನು ಅಂಗಡಿಯಲ್ಲಿ ಯಾರೂ ಮಾರುವುದಿಲ್ಲ, ಕಚ್ಚಿ ತಿನ್ನುವುದಕ್ಕೂ ಅವು ಲಾಯಕ್ಕಲ್ಲ. ಒಂದು ತೋಟದಲ್ಲಿ ಕುತೂಹಲಕ್ಕೆ ಡ್ಯಾಬಿನೆಟ್ ಹಣ್ಣೊಂದನ್ನು ಕಚ್ಚಿ ನೋಡಿದೆ. ಮೊದಲು ಸಿಹಿಯೆನಿಸಿ, ಮರುಕ್ಷಣವೇ ಗೇರುಹಣ್ಣು ತಿಂದಾಗಿನಂತೆ ನಾಲಿಗೆ ಒಣಗಿ ಒರಟಾಯಿತು. ಒಳ್ಳೆಯ ಸೈಡರಿಗೆ ಮೈಕಟ್ಟು ಕೊಡುವುದು ಈ ಒಗರೇ.

ಆ ತೋಟ ಇದ್ದದ್ದು ಹೆರಿಫರ್ಡ್‌ಶೈರಿನಲ್ಲಿ. ಅಕ್ಟೋಬರ್ ತಿಂಗಳು, ಮರದ ಕೆಳಗೆ ಬಿದ್ದ ಹಣ್ಣುಗಳನ್ನು ಗುಡ್ಡೆ ಹಾಕಿದ್ದರು. ಹಳೆಯ ಪದ್ಧತಿಯಲ್ಲಿ ಸೇಬು ಹಿಂಡುವುದನ್ನು ನೋಡಲು ಬಂದವರಿಗಾಗಿ ತೋಟದ ಯಜಮಾನ ಒಂದು ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದ. ಮೊದಲು ಹಣ್ಣನ್ನು ಗಿರಣಿಗೆ ಹಾಕಿ ನುಚ್ಚು ಮಾಡುತ್ತಾರೆ. ಆ ತಿರುಳನ್ನು ಹಿಂಡುವ ಚೌಕಟ್ಟಿನ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಅದು ಜಾರಿ ಹೋಗದಂತೆ ಅಂಚಿಗೆ ಹುಲ್ಲನ್ನು ಹಾಸಿ ಮಡಚಿ, ಮೇಲೆ ಮತ್ತೊಂದು ಪದರ ತಿರುಳು, ಮತ್ತೆ ಹುಲ್ಲು, ಹೀಗೆ ಸೊಂಟದೆತ್ತರದವರೆಗೆ ಕಟ್ಟುತ್ತಾ ಹೋಗುತ್ತಾರೆ. ಕಟ್ಟಿ ಮುಗಿಯುವ ಮೊದಲೇ ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಕಂದು ಬಣ್ಣದ ರಸ ಹುಲ್ಲಿನ ಕಡ್ಡಿಗಳ ತುದಿಯಿಂದ ತೊಟ್ಟಿಕ್ಕತೊಡಗುತ್ತದೆ. ಆಮೇಲೆ ತಿರುಪು ತಿರುಗಿಸಿ ಹಿಂಡುವುದು. ಈಗ ಬಹುಪಾಲು ಕಡೆ ಹುಲ್ಲಿನ ಜಾಗದಲ್ಲಿ ನೈಲಾನ್ ಬಟ್ಟೆ ಬಂದಿದೆ, ದೊಡ್ಡ ಕಾರ್ಖಾನೆಗಳಲ್ಲಂತೂ ಯಂತ್ರಗಳೇ ಎಲ್ಲವನ್ನೂ ಮಾಡುತ್ತವೆ.

ನನ್ನ ಕಣ್ಣು ಆ ಹುಲ್ಲಿನ ಮೇಲೆಯೇ ಇತ್ತು, ಏಕೆಂದರೆ ಅದು ಗೋಧಿ ಹುಲ್ಲು. ಸೀಲಿಯಾಕ್ ಇದೆಯೆಂದು ಹೇಳಿ, ಇದರಿಂದ ರಸಕ್ಕೆ ಏನಾದರೂ ಇಳಿಯುತ್ತದೆಯೇ ಎಂದು ಯಜಮಾನನನ್ನು ಕೇಳಿದೆ. ಆತ ನಗಲಿಲ್ಲ. ಗ್ಲುಟೆನ್ ಇರುವುದು ಕಾಳಿನಲ್ಲಿಯೇ ಹೊರತು ಕಡ್ಡಿಯಲ್ಲಲ್ಲ, ಆದರೆ ಒಕ್ಕಣೆಯಲ್ಲಿ ತಪ್ಪಿಸಿಕೊಂಡ ಒಂದೆರಡು ಕಾಳು ತೆನೆಯಲ್ಲಿ ಉಳಿದಿರಲಾರದೆಂದು ತಾನು ಪ್ರಮಾಣ ಮಾಡಿ ಹೇಳುವುದಿಲ್ಲ, ಮಾರಾಟಕ್ಕೆ ಮಾಡುವುದನ್ನು ಬಟ್ಟೆಯಲ್ಲೇ ಹಿಂಡುತ್ತೇವೆ, ನಿಮಗೆ ಅದನ್ನೇ ಕೊಡುತ್ತೇನೆ ಎಂದ. ಇಷ್ಟು ನೇರವಾದ ಉತ್ತರವನ್ನು ನಾನು ಯಾವ ಲೇಬಲಿನಲ್ಲೂ ಓದಿಲ್ಲ. ಹಳಬರು ಪೀಪಾಯಿಯಲ್ಲಿ ಹುದುಗು ನಿಧಾನವಾದಾಗ ಒಂದು ಹಿಡಿ ಗೋಧಿಯನ್ನೋ, ಮಾಂಸದ ತುಂಡನ್ನೋ ಒಳಗೆ ಹಾಕುತ್ತಿದ್ದರೆಂಬ ಕತೆಯನ್ನೂ ಆತನೇ ಹೇಳಿದ. ಯೀಸ್ಟಿಗೆ ಸಾರಜನಕದ ಅಂಶ ಸಿಗಲೆಂದು ಮಾಡುತ್ತಿದ್ದ ಉಪಾಯವದು. ಈಗ ಅದರ ಬದಲು ಪುಡಿ ರೂಪದ ಪೋಷಕಾಂಶ ಹಾಕುತ್ತಾರೆ, ಅಥವಾ ಏನನ್ನೂ ಹಾಕದೆ ಚಳಿಗಾಲವಿಡೀ ಅದರಷ್ಟಕ್ಕೆ ಬಿಡುತ್ತಾರೆ.

ಹೀಗೆ ಅದರಷ್ಟಕ್ಕೆ ಬಿಟ್ಟ ರಸದಲ್ಲಿ ಯೀಸ್ಟು ಸಕ್ಕರೆಯನ್ನೆಲ್ಲ ತಿಂದು ಮುಗಿಸಿದರೆ ಶೇ. 6ರಿಂದ 8ರಷ್ಟು ಮದ್ಯಸಾರದ, ಸಿಹಿಯೇ ಇಲ್ಲದ ಸೈಡರ್ ಸಿದ್ಧವಾಗುತ್ತದೆ. ಸೇಬು ಮತ್ತು ಯೀಸ್ಟು, ಎರಡೇ. ಗ್ಲುಟೆನ್ ಬಿಟ್ಟವರಿಗೆ ಇದಕ್ಕಿಂತ ನಿಶ್ಚಿಂತೆಯ ಪಾನೀಯ ಇನ್ನೊಂದಿಲ್ಲ. ಆದರೆ ಬ್ರಿಟನ್ನಿನ ಅಬಕಾರಿ ನಿಯಮದ ಕಣ್ಣಿನಲ್ಲಿ ಸೈಡರ್ ಎನ್ನಿಸಿಕೊಳ್ಳಲು ಶೇ. 35ರಷ್ಟು ಸೇಬಿನ ಅಥವಾ ಪೇರು (ಪಿಯರ್) ಹಣ್ಣಿನ ರಸವಿದ್ದರೆ ಸಾಕು, ಮದ್ಯಸಾರ ಶೇ. 8.5ಕ್ಕಿಂತ ಕಡಿಮೆ ಇದ್ದರಾಯಿತು. ಉಳಿದ ಭಾಗವನ್ನು ನೀರು ಮತ್ತು ಸಕ್ಕರೆ ತುಂಬುತ್ತವೆ, ಆ ಸಕ್ಕರೆ ಬಹುಮಟ್ಟಿಗೆ ಗ್ಲುಕೋಸ್ ಪಾಕದ ರೂಪದಲ್ಲಿರುತ್ತದೆ. ಯುರೋಪಿನಲ್ಲಿ ಈ ಪಾಕವನ್ನು ಮೆಕ್ಕೆಜೋಳದಿಂದಷ್ಟೇ ಅಲ್ಲದೆ ಗೋಧಿಯಿಂದಲೂ ತೆಗೆಯುತ್ತಾರೆ ಎಂದು ತಿಳಿದವರು ಬಾಟಲಿಯನ್ನು ಕೆಳಗಿಡುವುದು ಸಹಜ. ಇಡಬೇಕಾಗಿಲ್ಲ. ಗೋಧಿಯ ಪಿಷ್ಟವನ್ನು ಒಡೆದು ಶುದ್ಧಗೊಳಿಸಿ ಪಾಕ ಮಾಡುವಷ್ಟರಲ್ಲಿ ಅದರಲ್ಲಿ ಪ್ರೋಟೀನು ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿರುತ್ತದೆ. ಗೋಧಿಯಿಂದ ಮಾಡಿದ ಗ್ಲುಕೋಸ್ ಪಾಕ, ಡೆಕ್ಸ್ಟ್ರೋಸ್ ಮತ್ತು ಮಾಲ್ಟೊಡೆಕ್ಸ್ಟ್ರಿನ್‌ಗಳನ್ನು ಅಲರ್ಜಿಯ ಪಟ್ಟಿಯಲ್ಲಿ ಹೆಸರಿಸುವ ಕಡ್ಡಾಯದಿಂದ ಯುರೋಪಿನ ಆಹಾರ ಕಾನೂನು ಬಿಟ್ಟಿರುವುದು ಈ ಕಾರಣಕ್ಕೇ.

ಲೇಬಲಿನ ವಿಷಯದಲ್ಲಿ ಇನ್ನೊಂದು ಸಂಗತಿ ಹೊಸಬರನ್ನು ಗಾಬರಿಗೊಳಿಸುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವಂಥ ಪದಾರ್ಥಗಳ ಪಟ್ಟಿ ಸೈಡರ್ ಬಾಟಲಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಶೇ. 1.2ಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯಗಳಿಗೆ ಬ್ರಿಟನ್ನಿನಲ್ಲೂ ಐರೋಪ್ಯ ಒಕ್ಕೂಟದಲ್ಲೂ ಆ ಪಟ್ಟಿಯಿಂದ ವಿನಾಯಿತಿ ಕೊಟ್ಟಿದ್ದಾರೆ. ವೈನ್‌ಗೆ ಮಾತ್ರ ಒಕ್ಕೂಟದಲ್ಲಿ 2023ರ ಡಿಸೆಂಬರಿನಿಂದ ನಿಯಮ ಬದಲಾಗಿದೆ. ಮದ್ಯ ತಯಾರಕರಿಗೆ ಮಾತ್ರ ಈ ಔದಾರ್ಯವೇಕೆ ಎಂಬುದು ನನಗಿನ್ನೂ ಜೀರ್ಣವಾಗದ ಪ್ರಶ್ನೆ. ಅದೇನೇ ಇರಲಿ, ಅಲರ್ಜಿ ತರುವ ಹದಿನಾಲ್ಕು ಪದಾರ್ಥಗಳ ವಿಷಯದಲ್ಲಿ ವಿನಾಯಿತಿಯಿಲ್ಲ. ಬಾರ್ಲಿಯ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಹಾಕಿದ್ದರೆ ಬಾರ್ಲಿ ಇದೆಯೆಂದು ಬರೆಯಲೇಬೇಕು, ಗೋಧಿ ಇದ್ದರೆ ಗೋಧಿ ಎಂದು. ಹಾಗಾಗಿ ಬಾಟಲಿಯ ಹಿಂಬದಿಯಲ್ಲಿ ‘ಸಲ್ಫೈಟ್ (ಕೆಡದಂತೆ ಹಾಕುವ ರಾಸಾಯನಿಕ) ಇದೆ’ ಎಂಬ ಒಂದೇ ಸಾಲು ಇದ್ದು ಧಾನ್ಯದ ಹೆಸರಿಲ್ಲವೆಂದರೆ ಅದನ್ನೇ ಉತ್ತರವೆಂದು ತಿಳಿಯಬಹುದು. ‘ಗ್ಲುಟೆನ್ ರಹಿತ’ ಎಂಬ ಮಾತು ಮುಂಬದಿಯಲ್ಲಿ ಇರಲೇಬೇಕೆಂದೇನೂ ಇಲ್ಲ. ಎಷ್ಟೋ ಹಳೆಯ ತಯಾರಕರಿಗೆ ಅದನ್ನು ಬರೆಸಬೇಕೆಂದು ಹೊಳೆದಿರುವುದೂ ಇಲ್ಲ.

ನಿಜವಾಗಿ ಓದಿ ನೋಡಬೇಕಾದದ್ದು ಬಣ್ಣಬಣ್ಣದ ಹಣ್ಣಿನ ಬಾಟಲಿಗಳನ್ನು. ಸ್ಟ್ರಾಬೆರಿ, ಮಾವು, ಡಾರ್ಕ್ ಫ್ರೂಟ್ ಎಂದು ರುಚಿ ಸೇರಿಸಿದ ಪಾನೀಯಗಳು ಹೆಸರಿಗೆ ಸೈಡರ್ ಆದರೂ ಇಲ್ಲಿನ ಸುಂಕದ ಲೆಕ್ಕದಲ್ಲಿ ಸೈಡರ್ ಅಲ್ಲ. ಅವುಗಳಲ್ಲಿ ಹೆಚ್ಚಿನವು ನಮಗೆ ಅಪಾಯಕಾರಿಯೂ ಅಲ್ಲ, ಆದರೆ ಮಸಾಲೆಯದ್ದು, ಹಾಪ್ಸ್ ಹಾಕಿದ್ದು, ಏಲ್ ಜೊತೆ ಬೆರೆಸಿದ್ದು ಎಂದು ಪ್ರಯೋಗ ಮಾಡುವ ಸಣ್ಣ ತಯಾರಕರು ಕೆಲವೊಮ್ಮೆ ಮಾಲ್ಟನ್ನೂ ಒಳಗೆ ತರುತ್ತಾರೆ. ಹಾಪ್ಸ್ ಒಂದು ಬಳ್ಳಿಯ ಹೂವಾದ್ದರಿಂದ ಅದರಿಂದ ತೊಂದರೆಯಿಲ್ಲ, ಮಾಲ್ಟಿನಿಂದ ಇದೆ. ಅಮೆರಿಕಕ್ಕೆ ಹೋದಾಗ ಈ ಎಚ್ಚರ ಇನ್ನಷ್ಟು ಬೇಕು: ಅಲ್ಲಿ ಆಪಲ್ ಏಲ್ ಎಂಬ ಹೆಸರಿನಲ್ಲಿ, ಸೇಬಿನ ಚಿತ್ರ ಹೊತ್ತು ಸೈಡರಿನ ಪಕ್ಕದಲ್ಲೇ ಕೂರುವ ಬಾಟಲಿಗಳ ಒಳಗಿರುವುದು ಬಾರ್ಲಿಯಿಂದ ಮಾಡಿ ಸೇಬಿನ ರುಚಿ ಕೊಟ್ಟ ಬಿಯರ್.

ಬಾರ್ಲಿಯಿಂದಲೇ ಮಾಡಿ, ಕಿಣ್ವ ಹಾಕಿ ಗ್ಲುಟೆನ್ ಒಡೆದು, 20 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 20 ಭಾಗಕ್ಕಿಂತ) ಕೆಳಗಿಳಿಸಿದ ‘ಗ್ಲುಟೆನ್ ರಹಿತ’ ಬಿಯರ್ ಇಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದಲ್ಲ, ಮತ್ತೆ ಸೈಡರೇ ಏಕೆ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಆ ಮಿತಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿರುವುದು. ಬ್ರಿಟನ್, ಭಾರತ, ಅಮೆರಿಕ ಮೂರೂ ಅದನ್ನು ಒಪ್ಪಿವೆ. ನನ್ನ ತಕರಾರು ಮಿತಿಯ ಬಗ್ಗೆ ಅಲ್ಲ, ಅಳತೆಯ ಬಗ್ಗೆ. ಹುದುಗಿದ ಪಾನೀಯದಲ್ಲಿ ಗ್ಲುಟೆನ್ ಇಡಿಯಾಗಿ ಉಳಿಯುವುದಿಲ್ಲ, ತುಂಡುತುಂಡಾಗಿರುತ್ತದೆ. ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆಗಳಿಗೆ ಆ ತುಂಡುಗಳನ್ನು ನಂಬಿಕೆಗೆ ಅರ್ಹವಾಗಿ ಎಣಿಸುವುದು ಕಷ್ಟ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಹೊರಡಿಸಿದ ನಿಯಮದಲ್ಲಿ ಇದನ್ನೇ ಒಪ್ಪಿಕೊಂಡು, ಹುದುಗಿಸಿದ ಆಹಾರಕ್ಕೆ ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಹುದುಗುವ ಮೊದಲು ಅದರ ಪದಾರ್ಥದಲ್ಲೇ ಗ್ಲುಟೆನ್ ಇರಲಿಲ್ಲವೆಂಬ ದಾಖಲೆ ಇರಬೇಕು ಎಂದಿತು. ಈ ಪ್ರಶ್ನೆಯನ್ನು ಸೇಬಿಗೆ ಕೇಳಿದರೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುತ್ತದೆ, ಬಾರ್ಲಿಗೆ ಕೇಳಿದರೆ ಮುಗಿಯುವುದಿಲ್ಲ. ಅಂಥ ಬಿಯರ್ ಕುಡಿದು ಆರಾಮಾಗಿರುವವರು ಅನೇಕರಿದ್ದಾರೆ, ಅವರೊಂದಿಗೆ ನನಗೆ ಜಗಳವಿಲ್ಲ. ಜೋಳ, ನವಣೆ ಅಥವಾ ಅಕ್ಕಿಯಿಂದ ಮಾಡಿದ ಬಿಯರ್ ಸಿಕ್ಕರೆ ನಾನೂ ಕುಡಿಯುತ್ತೇನೆ.

ಬಾಟಲಿ ಬಿಟ್ಟು ಪಬ್ಬಿಗೆ ಬಂದರೆ ಕಾನೂನಿಗಿಂತ ಕೌಂಟರಿನ ಹಿಂದಿರುವವರ ಕೈ ಮುಖ್ಯವಾಗುತ್ತದೆ. ಇಂಗ್ಲೆಂಡಿನ ಪಬ್ಬುಗಳಲ್ಲಿ ಕೆಳಮಹಡಿಯ ಪೀಪಾಯಿಯಿಂದ ಕೊಳವೆಯ ಮೂಲಕ ಮೇಲಿನ ನಲ್ಲಿಗೆ ಪಾನೀಯ ಬರುತ್ತದೆ. ಸೈಡರಿಗೆ ಬೇರೆ ಕೊಳವೆ ಇರುವುದೇ ವಾಡಿಕೆ. ಆದರೆ ಕಾಲಕ್ಕೆ ತಕ್ಕಂತೆ ಪಾನೀಯ ಬದಲಿಸುವ ಪಬ್ಬಿನಲ್ಲಿ ಕಳೆದ ತಿಂಗಳು ಲಾಗರ್ ಹರಿದ ಕೊಳವೆಯಲ್ಲಿ ಈ ತಿಂಗಳು ಸೈಡರ್ ಹರಿಯುತ್ತಿರಬಹುದು. ಕೊಳವೆಗಳನ್ನು ರಾಸಾಯನಿಕ ಹಾಕಿ ತೊಳೆಯುವ ಕ್ರಮ ಇರುವುದರಿಂದ ನಾನು ಇದಕ್ಕೆ ತೀರಾ ಹೆದರುವುದಿಲ್ಲ. ಹೆದರುವುದು ಸ್ನೇಕ್‌ಬೈಟ್ ಎಂಬ ಪಾನೀಯಕ್ಕೆ. ಅರ್ಧ ಲಾಗರ್, ಅರ್ಧ ಸೈಡರ್, ಮೇಲೊಂದಿಷ್ಟು ಕಪ್ಪು ಕರಂಟಿನ ಷರಬತ್ತು. ಕಾಲೇಜು ಹುಡುಗರ ಅಚ್ಚುಮೆಚ್ಚು. ಲಾಗರ್ ತುಂಬಿದ ಗ್ಲಾಸನ್ನು ಸೈಡರ್ ನಲ್ಲಿಯ ಕೆಳಗೆ ಹಿಡಿದಾಗ ನಲ್ಲಿಯ ಮೂತಿ ನೊರೆಯೊಳಗೆ ಮುಳುಗುವುದನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಅದೇ ನಲ್ಲಿಯಿಂದ ಮುಂದಿನ ಗ್ಲಾಸು ನನ್ನದು. ಅದರಿಂದ ಬರುವ ಗ್ಲುಟೆನ್ ಅತ್ಯಲ್ಪವೇ ಇರಬಹುದು, ಆದರೂ ಅಂಥ ಕಡೆ ನಾನು ಬಾಟಲಿಯನ್ನೇ ಕೇಳುತ್ತೇನೆ ಮತ್ತು ಮುಚ್ಚಳವನ್ನು ನನ್ನೆದುರಿಗೇ ತೆಗೆಯಲು ಹೇಳುತ್ತೇನೆ.

ಇದಕ್ಕಿಂತ ಉತ್ತಮವಾದ ಮಾರ್ಗವೊಂದಿದೆ. ನಮ್ಮ ಸೀಮೆಯ ಹಳೆಯ ಪಬ್ಬುಗಳಲ್ಲಿ ತೋಟದ ಸೈಡರನ್ನು 20 ಲೀಟರಿನ ರಟ್ಟಿನ ಪೆಟ್ಟಿಗೆಯಲ್ಲಿ ತರಿಸಿ ಹಿಂದಿನ ಕಟ್ಟೆಯ ಮೇಲೆ ಇಟ್ಟಿರುತ್ತಾರೆ. ಪೆಟ್ಟಿಗೆಯೊಳಗಿನ ಚೀಲಕ್ಕೆ ಅದರದೇ ಪ್ಲಾಸ್ಟಿಕ್ ನಲ್ಲಿ ಇರುತ್ತದೆ; ಕೊಳವೆಯಿಲ್ಲ, ಅನಿಲವಿಲ್ಲ, ನೊರೆಯಿಲ್ಲ. ತುಸು ಮಬ್ಬಾಗಿ, ಒಗರಾಗಿ, ತಂಪಿಲ್ಲದೆ ಬರುವ ಈ ಸೈಡರ್ ಮೊದಲ ಗುಟುಕಿಗೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಹಿಡಿಸಿದೆ, ಹಿಡಿಸಿದ್ದಕ್ಕೆ ಅದರ ಸುರಕ್ಷತೆಯೊಂದೇ ಕಾರಣವಲ್ಲ.

ಕುಡಿಯುವಾಗ ಜೊತೆಗೆ ತಿನ್ನುವುದರ ಬಗ್ಗೆ ಎರಡು ಮಾತು. ಪಬ್ಬಿನಲ್ಲಿ ನಮ್ಮಂಥವರು ಹೊಟ್ಟೆ ಕೆಡಿಸಿಕೊಳ್ಳುವುದು ಗ್ಲಾಸಿಗಿಂತ ಹೆಚ್ಚಾಗಿ ತಟ್ಟೆಯಿಂದ. ಆಲೂಗಡ್ಡೆಯ ಚಿಪ್ಸ್ ತಾನೇ ಎಂದು ತರಿಸಿಕೊಂಡರೆ, ಗೋಧಿ ಹಿಟ್ಟಿನಲ್ಲಿ ಅದ್ದಿದ ಮೀನು ಕರಿದ ಎಣ್ಣೆಯಲ್ಲೇ ಅದನ್ನೂ ಕರಿದಿರುತ್ತಾರೆ. ಪ್ರತ್ಯೇಕ ಬಾಣಲೆ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಹುರಿದ ಕಡಲೆಬೀಜದ ಪೊಟ್ಟಣಕ್ಕೆ ತೃಪ್ತಿಪಡಬೇಕು. ಸಸ್ಯಾಹಾರಿಗಳಿಗೆ ಇನ್ನೊಂದು ಸೂಚನೆ: ಕೆಲವು ಸೈಡರುಗಳನ್ನು ತಿಳಿಯಾಗಿಸಲು ಪ್ರಾಣಿಗಳಿಂದ ತೆಗೆದ ಜೆಲಟಿನ್ ಬಳಸುತ್ತಾರೆ. ಅದು ಅಲರ್ಜಿಯ ಪಟ್ಟಿಯಲ್ಲಿಲ್ಲದ ಕಾರಣ ಲೇಬಲು ಆ ವಿಷಯದಲ್ಲಿ ಮೌನವಾಗಿರುತ್ತದೆ. ವೀಗನ್ ಗುರುತು ಇರುವ ಬಾಟಲಿಯನ್ನು ಆರಿಸಿದರೆ ಆ ಚಿಂತೆ ಇಲ್ಲ.

ಇಷ್ಟೆಲ್ಲ ನೋಡಿಕೊಂಡು ಕುಡಿದರೂ ಕೆಲವರಿಗೆ ಸೈಡರ್ ಕುಡಿದ ರಾತ್ರಿ ಹೊಟ್ಟೆ ಉಬ್ಬರಿಸುತ್ತದೆ, ಮಾರನೆಯ ಬೆಳಿಗ್ಗೆ ಭೇದಿಯಾಗುತ್ತದೆ. ಅವರು ತಕ್ಷಣ ‘ಇದರಲ್ಲೂ ಗ್ಲುಟೆನ್ ಇದೆ, ಕಂಪನಿಯವರು ಮುಚ್ಚಿಡುತ್ತಿದ್ದಾರೆ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇಂಥ ದೂರನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ, ಹೆಚ್ಚಿನ ಪಾಲು ಅದು ಸೇಬಿನ ಮೇಲೆ ಬರಬೇಕಾದ ದೂರು. ಸೇಬು ಮತ್ತು ಪೇರು ಹಣ್ಣುಗಳಲ್ಲಿ ಸಕ್ಕರೆಯ ಜೊತೆಗೆ ಸಾರ್ಬಿಟಾಲ್ ಎಂಬ ಪದಾರ್ಥವಿರುತ್ತದೆ. ರುಚಿಗೆ ಸಿಹಿಯಾದರೂ ಯೀಸ್ಟಿಗೆ ಅದನ್ನು ಮದ್ಯಸಾರವಾಗಿ ಪರಿವರ್ತಿಸಲು ಬರುವುದಿಲ್ಲ, ನಮ್ಮ ಸಣ್ಣ ಕರುಳಿಗೆ ಅದನ್ನು ಪೂರ್ತಿಯಾಗಿ ಹೀರಿಕೊಳ್ಳಲೂ ಬರುವುದಿಲ್ಲ. ಹೀಗಾಗಿ ಅದು ಹಣ್ಣಿನಿಂದ ಪೀಪಾಯಿಗೆ, ಪೀಪಾಯಿಯಿಂದ ಗ್ಲಾಸಿಗೆ, ಅಲ್ಲಿಂದ ದೊಡ್ಡ ಕರುಳಿನವರೆಗೆ ಹಾಗೆಯೇ ಸಾಗಿ, ದಾರಿಯಲ್ಲಿ ನೀರನ್ನು ಎಳೆದುಕೊಂಡು, ಕೊನೆಗೆ ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ಗಾಳಿ ತುಂಬಿಸುತ್ತದೆ. ರೋಗ ಆಗತಾನೇ ಪತ್ತೆಯಾಗಿ, ಸವೆದ ಕರುಳಿನ ಎಳೆಗಳು ಇನ್ನೂ ಮರಳಿ ಬೆಳೆಯುತ್ತಿರುವವರಿಗೆ ಇದರ ಕಾಟ ಸಹಜವಾಗಿಯೇ ಹೆಚ್ಚು. ಕೆಲವು ತಯಾರಕರು ಕೊನೆಯಲ್ಲಿ ಬೆರೆಸುವ ಸೇಬಿನ ಹಸಿ ರಸದಲ್ಲಿ ಫ್ರಕ್ಟೋಸ್ ಧಾರಾಳವಾಗಿರುತ್ತದೆ, ಅದೂ ಇದೇ ಕೆಲಸ ಮಾಡುತ್ತದೆ.

ಪೇರು ಹಣ್ಣಿನಿಂದ ಮಾಡುವ ಪೆರಿ ಈ ವಿಷಯದಲ್ಲಿ ಸೈಡರಿಗೆ ಅಣ್ಣನೇ ಸರಿ, ಏಕೆಂದರೆ ಪೇರಿನಲ್ಲಿ ಸಾರ್ಬಿಟಾಲ್ ಇನ್ನೂ ಹೆಚ್ಚು. ಒಣ ಪೆರಿಯೂ ನಾಲಿಗೆಗೆ ಕೊಂಚ ಸಿಹಿಯೆನಿಸುವುದು ಅದರಿಂದಲೇ. ಗ್ಲೌಸ್ಟರ್‌ಶೈರಿನಲ್ಲಿ ಮೇ ಹಿಲ್ ಎಂಬ ಗುಡ್ಡವಿದೆ. ಆ ಗುಡ್ಡ ಕಾಣುವಷ್ಟು ದೂರದಲ್ಲಿ ಮಾತ್ರ ಒಳ್ಳೆಯ ಪೆರಿಯ ಹಣ್ಣು ಬೆಳೆಯುತ್ತದೆಂದು ಅಲ್ಲಿನವರ ನಂಬಿಕೆ. ಅವರೇ ಪೆರಿಯ ಬಗ್ಗೆ, ‘ಒಳಗೆ ಹೋಗುವಾಗ ಮಖಮಲ್ಲು, ಸುತ್ತುವಾಗ ಗುಡುಗು, ಹೊರಗೆ ಬರುವಾಗ ಮಿಂಚು’ ಎಂದು ಹೇಳುತ್ತಾರೆ. ಗ್ಲುಟೆನ್ ಎಂಬ ಹೆಸರೇ ಗೊತ್ತಿಲ್ಲದ ಕಾಲದಿಂದ ಅಲ್ಲಿನ ಹಳ್ಳಿಗರು ಕಂಡುಕೊಂಡಿದ್ದ ಸತ್ಯವಿದು. ಇದನ್ನು ಕೇಳಿದ ಮೇಲೆ ನಾನು ಪೆರಿಯನ್ನು ಅರ್ಧ ಪಿಂಟಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ನಿಮ್ಮ ಹೊಟ್ಟೆ ಕೆಟ್ಟದ್ದು ಯಾವುದರಿಂದ ಎಂದು ತಿಳಿಯಬೇಕಿದ್ದರೆ ಒಂದು ಸಂಜೆ ಸೈಡರಿನ ಬದಲು ಎರಡು ದೊಡ್ಡ ಸೇಬು ತಿಂದು ನೋಡಬಹುದು. ಅದಕ್ಕೂ ಹೊಟ್ಟೆ ಅದೇ ರಾಗ ಹಾಡಿದರೆ ಅಪರಾಧಿ ಸಿಕ್ಕಂತೆಯೇ. ತೊಂದರೆ ಮುಂದುವರಿದರೆ ಮಾತ್ರ ಊಹೆಯಲ್ಲಿ ಕಾಲ ಕಳೆಯದೆ ವೈದ್ಯರಲ್ಲಿ ಹೇಳಿ ಪ್ರತಿಕಾಯಗಳ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಅಳತೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶೇ. 5ರ ಸೈಡರಿನ ಒಂದು ಪಿಂಟ್ ಎಂದರೆ 568 ಮಿಲಿಲೀಟರ್, ಇಲ್ಲಿನ ಲೆಕ್ಕದಲ್ಲಿ 2.8 ಯೂನಿಟ್ ಮದ್ಯಸಾರ. ವಾರಕ್ಕೆ 14 ಯೂನಿಟ್ ಮೀರಬಾರದೆಂಬುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆ, ಅಂದರೆ ಐದು ಪಿಂಟಿಗೆ ಲೆಕ್ಕ ಚುಕ್ತಾ. ತೋಟದ ಸೈಡರ್ ಸಾಮಾನ್ಯವಾಗಿ ಇದಕ್ಕಿಂತ ಗಟ್ಟಿ ಇರುತ್ತದೆ.

ಸೈಡರಿಗೂ ಬ್ರೆಡ್ಡಿಗೂ ಸಾಕ್ಷಾತ್ ಭೇಟಿಯಾಗುವ ಒಂದು ಸಂದರ್ಭ ವರ್ಷಕ್ಕೊಮ್ಮೆ ಬರುತ್ತದೆ. ಜನವರಿಯಲ್ಲಿ, ಕೆಲವು ಹಳ್ಳಿಗಳಲ್ಲಿ ಹಳೆಯ ಪಂಚಾಂಗದ ಲೆಕ್ಕದಂತೆ 17ನೆಯ ತಾರೀಕಿಗೆ, ಸಾಮರ್‌ಸೆಟ್ ಸೀಮೆಯ ತೋಟಗಳಲ್ಲಿ ವಾಸೇಲ್ ಎಂಬ ಆಚರಣೆ ನಡೆಯುತ್ತದೆ. ಊರಿನವರೆಲ್ಲ ಕತ್ತಲಾದ ಮೇಲೆ ತೋಟದ ಹಿರಿಯ ಮರದ ಸುತ್ತ ಸೇರಿ, ಬುಡಕ್ಕೆ ಸೈಡರ್ ಎರೆದು, ಸೈಡರಿನಲ್ಲಿ ನೆನೆಸಿದ ಸುಟ್ಟ ಬ್ರೆಡ್ಡಿನ ಚೂರುಗಳನ್ನು ಕೊಂಬೆಗಳಿಗೆ ಸಿಕ್ಕಿಸಿ, ಕೆಟ್ಟ ಶಕ್ತಿಗಳು ಓಡಲೆಂದು ಕೋವಿಯಿಂದ ಗುಂಡು ಹಾರಿಸುತ್ತಾರೆ. ಬ್ರೆಡ್ಡು ತೋಟ ಕಾಯುವ ರಾಬಿನ್ ಹಕ್ಕಿಗಳಿಗಂತೆ. ಮಸಾಲೆ ಹಾಕಿ ಬಿಸಿ ಮಾಡಿದ ಸೈಡರನ್ನು ಒಂದೇ ಪಾತ್ರೆಯಿಂದ ಎಲ್ಲರಿಗೂ ಹಂಚುತ್ತಾರೆ, ಬ್ರೆಡ್ಡಿನ ಚೂರು ಅದ್ದುವುದೂ ಅದೇ ಪಾತ್ರೆಯಲ್ಲಾದರೆ ನಾವು ದೂರ ನಿಲ್ಲಬೇಕು. ನಾನು ಹೋದ ಕಡೆ ಬ್ರೆಡ್ಡಿಗೆ ಬೇರೊಂದು ಬಟ್ಟಲಿತ್ತು. ಆದರೂ ಪಾತ್ರೆಯಿಂದ ಮೊದಲ ಸೌಟನ್ನು ನನ್ನ ಲೋಟಕ್ಕೇ ಹಾಕಿಕೊಡುವಂತೆ ಕೇಳಿಕೊಂಡಿದ್ದೆ. ಕೇಳಿದ್ದಕ್ಕೆ ಅಲ್ಲಿನ ಅಜ್ಜಿಯೊಬ್ಬರು ಕಾರಣ ವಿಚಾರಿಸಿ, ತಮ್ಮ ಮೊಮ್ಮಗಳಿಗೂ ಇದೇ ಕಾಯಿಲೆ ಎಂದು ಹೇಳಿ ಲೋಟವನ್ನು ಅಂಚಿನವರೆಗೆ ತುಂಬಿಸಿದರು.

ಬೆಂಗಳೂರಿನ ಓದುಗರಿಗೆ ಈ ತೋಟ, ಈ ಪೆಟ್ಟಿಗೆಗಳು ಸಿಗುವುದಿಲ್ಲ, ಆದರೆ ಬಿಯರನ್ನು ಅಲ್ಲೇ ತಯಾರಿಸಿ ಮಾರುವ ಬ್ರೂಪಬ್‌ಗಳ ಪಟ್ಟಿಯಲ್ಲಿ ಆಪಲ್ ಸೈಡರ್ ಈಗ ಅಪರೂಪವಲ್ಲ. ರಜೆಗೆ ಬಂದಾಗ ಚಿಕ್ಕಪ್ಪನ ಮಗ ನನ್ನನ್ನು ಅಂಥದ್ದೊಂದು ಜಾಗಕ್ಕೆ ಕರೆದುಕೊಂಡು ಹೋದ. ‘ಅಕ್ಕಾ, ಇಲ್ಲಿ ಸೈಡರ್ ಇದೆ, ಹಣ್ಣಿಂದೇ ಮಾಡೋದು. ನಿನಗೆ ಆಗತ್ತೆ ತಾನೆ?’ ಎಂದ. ‘ಕೇಳಿ ನೋಡೋಣ ಇರೋ’ ಎಂದು ತಯಾರಿಸುವವರನ್ನೇ ಕರೆಸಿ ಕೇಳಿದೆ. ಆ ಹುಡುಗ ಬಹಳ ತಾಳ್ಮೆಯಿಂದ ವಿವರಿಸಿದ: ಸೇಬಿನ ರಸ ತರಿಸುತ್ತೇವೆ, ಮಾಲ್ಟ್ ಹಾಕುವುದಿಲ್ಲ, ಆದರೆ ಹುದುಗಿಸುವುದು ಗೋಧಿ ಬಿಯರ್ ಮಾಡುವ ಟ್ಯಾಂಕಿನಲ್ಲೇ, ಕೆಲವು ಸಲ ಅದೇ ಬಿಯರಿನ ಯೀಸ್ಟನ್ನು ಉಳಿಸಿಕೊಂಡು ಇದಕ್ಕೂ ಹಾಕುತ್ತೇವೆ ಎಂದ. ಟ್ಯಾಂಕನ್ನು ತೊಳೆದಿದ್ದರೆ ಹೇಗೋ ಒಪ್ಪಬಹುದಿತ್ತು, ಗೋಧಿ ಬಿಯರಿನ ತಳದಿಂದ ತೆಗೆದ ಯೀಸ್ಟು ಎಂದರೆ ಅದರ ಜೊತೆಗೆ ಗೋಧಿ ಬಿಯರೂ ಬಂದಂತೆಯೇ. ತಮ್ಮನಿಗೆ ಪೆಚ್ಚೆನಿಸಿತು. ನಾನು ಅವನ ಗ್ಲಾಸಿನ ವಾಸನೆ ನೋಡಿದೆ. ತಿನ್ನುವ ಸೇಬಿನ ರಸದ ಸಿಹಿ ವಾಸನೆಯಿತ್ತು, ಒಗರಿನ ಸುಳಿವಿರಲಿಲ್ಲ. ಹಿಮಾಚಲದಲ್ಲಿ, ಕಾಶ್ಮೀರದಲ್ಲಿ ಬೆಳೆಯುವುದು ಬಹುಪಾಲು ತಿನ್ನುವ ಸೇಬೇ ಆದ್ದರಿಂದ ಅದನ್ನು ತಪ್ಪೆನ್ನುವಂತಿಲ್ಲ.

ಆ ಸಂಜೆ ನಾನು ನಂದಿ ಬೆಟ್ಟದ ಕಡೆಯ ದ್ರಾಕ್ಷಿಯ ವೈನ್ ತರಿಸಿಕೊಂಡೆ. ಬ್ರೂಪಬ್‌ಗೆ ಹೋಗುವವರು ಇದೇ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಮಾಲ್ಟ್ ಹಾಕಿದ್ದೀರಾ, ಯೀಸ್ಟನ್ನು ಹೊಸ ಪೊಟ್ಟಣದಿಂದ ತೆಗೆದಿರಾ ಅಥವಾ ಬಿಯರಿನಿಂದ ಉಳಿಸಿದ್ದಾ, ಇದು ಬರುವ ನಲ್ಲಿ ಯಾವುದರದ್ದು. ಮೊದಲೆರಡಕ್ಕೆ ಕೌಂಟರಿನವರಿಗೆ ಉತ್ತರ ಗೊತ್ತಿರುವುದಿಲ್ಲ, ಒಳಗಿನಿಂದ ತಯಾರಿಸುವವರನ್ನೇ ಕರೆಸಬೇಕು; ವಾರಾಂತ್ಯದ ಗದ್ದಲದಲ್ಲಿ ಅವರು ಸಿಗುವುದು ಕಷ್ಟ, ವಾರದ ನಡುವೆ ಮಧ್ಯಾಹ್ನ ಹೋದರೆ ಕೂತು ಮಾತಾಡುವಷ್ಟು ಬಿಡುವು ಅವರಿಗಿರುತ್ತದೆ.